ಗೇಮ್ ಆರ್ಟ್ ಪೋರ್ಟ್‌ಫೋಲಿಯೊಗೆ ‘ಸೂಪರ್’ ಅನ್ನೋ ಮಾತು ಸಾಲದು
ಹೊಸಪೇಟೆ: ಗೇಮ್‌ಗಳಲ್ಲಿ ಕಾಣುವ ಬೀದಿ, ಕೋಟೆ, ಕಾಡುಗಳನ್ನು ರೂಪಿಸುವವರೇ ಎನ್ವಿರಾನ್‌ಮೆಂಟ್ ಆರ್ಟಿಸ್ಟ್‌ಗಳು. ಈ ಕೆಲಸ ಸಿಗಬೇಕಾದರೆ ಅಂಕಪಟ್ಟಿಗಿಂತ ಪೋರ್ಟ್‌ಫೋಲಿಯೊ ಮುಖ್ಯ. ಗೆಳೆಯರು ‘ಸೂಪರ್’ ಅಂದ ಮಾತ್ರಕ್ಕೆ ಅದು ಸುಧಾರಿಸಲ್ಲ.

ಬ್ಲೆಂಡರ್‌ನಲ್ಲಿ ಹಂಪಿಯ ಮಂಟಪವೊಂದನ್ನು ಮಾಡಿದ್ದೀರಿ ಎನ್ನಿ. ಅನುಭವಿಗಳಿಗೆ ತೋರಿಸಿ ‘ಹೇಗಿದೆ?’ ಅಂತ ಕೇಳಬೇಡಿ. ‘ಕಣ್ಣು ಮೊದಲು ಎಲ್ಲಿಗೆ ಹೋಯ್ತು? ಎಲ್ಲಿ ನಕಲಿ ಅನ್ನಿಸ್ತು?’ ಅಂತ ಕೇಳಿ. ಆಗ ತಪ್ಪು ಹೊರಬರುತ್ತೆ. ಪಕ್ಕದಲ್ಲಿ ಆಳೆತ್ತರದ ಬೊಂಬೆ ನಿಲ್ಲಿಸಿದರೆ ಮೆಟ್ಟಿಲು ಸೊಂಟದೆತ್ತರ ಇರೋದು ಗೊತ್ತಾಗುತ್ತೆ. ಎಲ್ಲ ಕಂಬಕ್ಕೂ ಒಂದೇ ಬಿರುಕು ಇರೋದೂ ಕಾಣುತ್ತೆ.

ತಿದ್ದುವಾಗ ಮೊದಲು ಅಳತೆ, ಆಮೇಲೆ ಬೆಳಕು, ಕೊನೆಗೆ ಸಣ್ಣ ವಿವರ. ಅಳತೆಯೇ ತಪ್ಪಿದ್ದರೆ ಮೇಲಿನ ಕುಸುರಿಯೆಲ್ಲ ವ್ಯರ್ಥ. ಹತ್ತು ಸಾಧಾರಣ ದೃಶ್ಯಗಳಿಗಿಂತ ಮೂರು ಒಳ್ಳೆಯವು ಸಾಕು. ಒಂದು ಕಳಪೆ ಇದ್ದರೂ ಉಳಿದವುಗಳ ಬೆಲೆ ಇಳಿಯುತ್ತೆ.