ಸ್ಕೇಟ್ ಗಾಲಿಗೆ ಕೀಲೆಣ್ಣೆ

ಅಣ್ಣನ ಮಗಳ ಕೈಗೆ ಪ್ಲಾಸ್ಟರ್ ಬಿದ್ದದ್ದು ನನ್ನಿಂದ. ಮನೆಯಲ್ಲಿ ಯಾರೂ ಹಾಗೆ ಅನ್ನಲಿಲ್ಲ. ಆದರೆ ಸ್ಕೇಟ್ ತೊಳೆದವನು ನಾನೇ.

ಘತ್ತರಗಿ ನೋಡಿದವರಿಗೆ ಗೊತ್ತು, ಅಮಾವಾಸ್ಯೆ ದಿನ ಭಾಗ್ಯವಂತಿ ದೇವಿ ಗುಡಿ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಉಳಿದ ದಿನ ಸಂಜೆ ಊರು ತಣ್ಣಗಿರುತ್ತದೆ. ನಮ್ಮ ಮನೆ ಮುಂದಿನ ಸಿಮೆಂಟ್ ರಸ್ತೆಯೇ ಈಕೆಗೆ ರಿಂಕ್. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಹುಡುಗಿಯರು, ಹುಡುಗರು ಇಬ್ಬರೂ 3000 ಮೀಟರ್ ಸ್ಕೇಟಿಂಗ್ ರಿಲೇಯಲ್ಲಿ ಕಂಚು ಗೆದ್ದಿದ್ದನ್ನು ಮೊಬೈಲ್‌ನಲ್ಲಿ ನೋಡಿ ಹಟ ಹಿಡಿದಿದ್ದಳು. ಬೆಂಗಳೂರಿನಿಂದ ಇನ್‌ಲೈನ್ ಸ್ಕೇಟ್ ಒಯ್ದು ಕೊಟ್ಟೆ.

ಮಳೆಗಾಲದಲ್ಲಿ ಊರಿಗೆ ಹೋದಾಗ ನೋಡಿದರೆ ಗಾಲಿಗೆಲ್ಲ ಭೀಮಾ ತೀರದ ಎರೆಮಣ್ಣು. ಎರೆಮಣ್ಣು ಹಸಿ ಇದ್ದಾಗ ಅಂಟು, ಒಣಗಿದರೆ ಕಲ್ಲು. ಬೈಕ್ ತೊಳೆದ ಹಾಗೆ ಪೈಪ್ ಹಿಡಿದು ನೀರು ಬಿಟ್ಟೆ, ಫಳಫಳ ಹೊಳೆಯಿತು. ಚೀಲದಲ್ಲಿಟ್ಟು ಬೆಂಗಳೂರಿಗೆ ಹೊರಟೆ. ಹದಿನೈದು ದಿನ ಬಿಟ್ಟು ಹಾಕಿಕೊಂಡವಳು ಎರಡು ಹೆಜ್ಜೆ ಜೋರಾಗಿ ತಳ್ಳಿದ್ದಾಳೆ, ಮುಂದಿನ ಗಾಲಿ ಗಪ್ಪನೆ ಹಿಡಿದುಕೊಂಡಿದೆ. ರಿಸ್ಟ್ ಗಾರ್ಡ್ ಹಾಕಿರಲಿಲ್ಲ.

ಮೆಕ್ಯಾನಿಕಲ್ ಅಲ್ಲದಿದ್ದರೂ ಎಂಜಿನಿಯರಿಂಗ್ ಓದಿದವನು ನಾನು, ಇದು ಹೊಳೆಯಬೇಕಿತ್ತು. ಸ್ಕೇಟ್‌ನ ಒಂದೊಂದು ಗಾಲಿಗೂ ಎರಡು ಬೇರಿಂಗ್. ನಾಲ್ಕು ಗಾಲಿಯ ಜೋಡಿ ಸ್ಕೇಟ್ ಅಂದರೆ ಒಟ್ಟು 16. ಸಾಮಾನ್ಯವಾಗಿ 608 ಅನ್ನುವ ಅಳತೆ: ಒಳತೂತು 8 ಮಿ.ಮೀ., ಹೊರಸುತ್ತು 22, ದಪ್ಪ 7. 2017ರಲ್ಲಿ ಎಲ್ಲರ ಕೈಯಲ್ಲೂ ತಿರುಗುತ್ತಿದ್ದ ಫಿಜೆಟ್ ಸ್ಪಿನ್ನರ್‌ ನಡುವೆ ಇದ್ದದ್ದೂ ಹೆಚ್ಚಾಗಿ ಇದೇ. ಈ ಬೇರಿಂಗ್‌ನ ಉಕ್ಕಿನಲ್ಲಿ ಕ್ರೋಮಿಯಂ ಸುಮಾರು 1.5 ಶೇಕಡಾ ಮಾತ್ರ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಕನಿಷ್ಠ 10.5 ಬೇಕು. ಒಳಗೆ ನೀರು ಹೋದರೆ ತುಕ್ಕು ಗ್ಯಾರಂಟಿ. ಅಲ್ಲಿಗೆ ಮಣ್ಣನ್ನೂ ನೀರಿನ ಜತೆ ನಾನೇ ಒಳಗೆ ತಳ್ಳಿದ್ದೆ.

ಮುಂದಿನ ಶನಿವಾರ ಊರಿಗೆ ಹೋಗಿ ಪಡಸಾಲೆಯಲ್ಲಿ ಹಳೇ ಪೇಪರ್ ಹಾಸಿ ಕೂತೆ. ಅಪ್ಪ ಬಂದು ಪಕ್ಕದಲ್ಲಿ ಕೂತರು. ಎತ್ತಿನ ಬಂಡಿ ಇದ್ದಾಗ ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದವರು ಅವರು.

4 ಮಿ.ಮೀ. ಅಲೆನ್ ಕೀಯಿಂದ ಅಚ್ಚು ಬಿಚ್ಚಿ ಗಾಲಿ ತೆಗೆದೆ. ಬೇರಿಂಗ್ ತೆಗೆಯಲು ಬೇರೆ ಟೂಲ್ ಬೇಕಿಲ್ಲ, ಅದೇ ಅಚ್ಚಿನ ತುದಿಯನ್ನು ಒಳಗಿಟ್ಟು ಮೀಟಿದರೆ ಬರುತ್ತದೆ. ಎರಡು ಬೇರಿಂಗ್ ನಡುವಿನ ಸ್ಪೇಸರ್ ಕಳೆದುಕೊಳ್ಳಬೇಡಿ. ನನ್ನದೊಂದು ಉರುಳಿ ಮಂಚದ ಕೆಳಗೆ ಹೋಗಿ ಅರ್ಧ ಗಂಟೆ ಹುಡುಕಿಸಿತು. ನಮ್ಮದು ರಬ್ಬರ್ ಮುಚ್ಚಳದ್ದು, 2ಆರ್‌ಎಸ್ ಅಂತ ಬರೆದಿರುತ್ತದೆ. ಒಳ ಅಂಚಿನಲ್ಲಿ ಸೇಫ್ಟಿ ಪಿನ್ ಹಾಕಿ ಮೆಲ್ಲಗೆ ಎತ್ತಿದರೆ ಏಳುತ್ತದೆ. ಝಡ್‌ಝಡ್ ಅಂತಿದ್ದರೆ ಲೋಹದ ಮುಚ್ಚಳ. ಅದಕ್ಕೆ ಸಣ್ಣ ಸಿ ಆಕಾರದ ಕ್ಲಿಪ್ ಇದ್ದರೆ ಬಿಚ್ಚಬಹುದು, ಇಲ್ಲದಿದ್ದರೆ ಮುಚ್ಚಳ ಹಾಳಾಗುತ್ತದೆ.

ಮೊದಲು ಒಣಬಟ್ಟೆಯಿಂದ ಹೊರಗಿನ ಮಣ್ಣು ಒರೆಸಿ. ಆಮೇಲೆ ಗಾಜಿನ ಬಾಟಲಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಮುಚ್ಚಳ ತೆಗೆದ ಬೇರಿಂಗ್‌ಗಳನ್ನು ಅದರಲ್ಲಿ ಬಿಟ್ಟು ಕುಲುಕಿ. ನನ್ನ ಬಾಟಲಿಯ ನೀರು ಮೊದಲ ಸಲ ಚಹಾ ಬಣ್ಣಕ್ಕೆ ಬಂತು. ಎರಡು ಸಲ ಹೊಸದು ಹಾಕಿದ ಮೇಲೆಯೇ ತಿಳಿಯಾಯಿತು. ರಬ್ಬರ್ ಮುಚ್ಚಳಕ್ಕೆ ಸೋಪು ನೀರು ಸಾಕು. ಅಸಿಟೋನ್ ರಬ್ಬರನ್ನು ಕೆಡಿಸುತ್ತದೆ. ಪೆಟ್ರೋಲ್ ಬೇಡವೇ ಬೇಡ. ಆಲ್ಕೋಹಾಲ್ ಕೂಡ ಬೆಂಕಿ ಹಿಡಿಯುತ್ತದೆ, ಅಡುಗೆಮನೆಯಿಂದ ದೂರ ಕೂತುಕೊಳ್ಳಿ. ಡಬ್ಲ್ಯೂಡಿ-40 ಹೊಡೆದು ಮುಗಿಸೋಣ ಅಂತ ಅನ್ನಿಸುವುದು ಸಹಜ. ಅದು ಕೊಳೆ ಬಿಡಿಸುತ್ತದೆ, ಇದ್ದ ಗ್ರೀಸನ್ನೂ ತೆಗೆಯುತ್ತದೆ, ಆಮೇಲೆ ಹೆಚ್ಚು ದಿನ ಕಾಯುವುದಿಲ್ಲ.

ಪೂರ್ತಿ ಒಣಗಿದ ಮೇಲೆ ಒಳಬಳೆ ಹಿಡಿದು ಹೊರಬಳೆಯನ್ನು ನಿಧಾನವಾಗಿ ತಿರುಗಿಸಿದೆ. ಬೆರಳಿಗೆ ಗರಗರ ತಾಗಿದರೆ ಒಳಗೆ ಹರಳು ಉಳಿದಿದೆ, ಅಥವಾ ತುಕ್ಕಿನ ಗುಳಿ ಬಿದ್ದಿದೆ. ಗುಳಿ ಬಿದ್ದದ್ದಕ್ಕೆ ಔಷಧ ಇಲ್ಲ. ಹದಿನಾರರಲ್ಲಿ ಐದನ್ನು ಎಸೆದೆ. ಹೊಸದು ತರುವಾಗ ಎಬೆಕ್ 9, ಎಬೆಕ್ 11 ಅಂತ ದೊಡ್ಡದಾಗಿ ಬರೆದದ್ದಕ್ಕೆ ಮರುಳಾಗಬೇಡಿ. ಎಬೆಕ್ 9ರವರೆಗೆ ಮಾತ್ರ ಇದೆ, ಅದೂ ಅಳತೆಯ ನಿಖರತೆಗೆ ಕೊಡುವ ದರ್ಜೆ. ವೇಗಕ್ಕೂ ಬಾಳಿಕೆಗೂ ಅಲ್ಲ.

ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಬಿಡಲು ಹೊರಟಿದ್ದೆ. ಬೆಂಗಳೂರಿನ ಒಳಾಂಗಣ ರಿಂಕ್‌ನಲ್ಲಿ ನಾನು ಹಾಗೇ ಮಾಡುವುದು.

"ಯಾ ಎಣ್ಣಿ ಅದು? ನೀರಿನಂಗ ಅದ," ಅಂದರು ಅಪ್ಪ. "ನಮ್ಮ ಧೂಳಿನ್ಯಾಗ ಎರಡು ದಿನ ನಿಲ್ಲಂಗಿಲ್ಲ. ದಪ್ಪಂದು ಹಚ್ಚು. ಮತ್ತ ಹಳೀದು ಒರಸದ ಹೊಸಾದು ಹಚ್ಚಿದ್ರ ಮಣ್ಣಿಗಿ ಎಣ್ಣಿ ಕುಡಿಸ್ದಂಗ."

ಅವರು ಹೇಳಿದ್ದು ಸರಿ. ತೆಳು ಎಣ್ಣೆಯಲ್ಲಿ ಗಾಲಿ ಬೆರಳಲ್ಲಿ ತಿರುಗಿಸಿದರೆ ತುಂಬಾ ಹೊತ್ತು ಸುತ್ತುತ್ತದೆ, ಆದರೆ ಬೇಗ ಹೊರಟುಹೋಗುತ್ತದೆ. ಲಿಥಿಯಂ ಗ್ರೀಸ್ ಸ್ವಲ್ಪ ಎಳೆಯುತ್ತದೆ, ಧೂಳನ್ನು ಒಳಗೆ ಬಿಡುವುದು ಕಡಿಮೆ, ತಿಂಗಳುಗಟ್ಟಲೆ ಇರುತ್ತದೆ. ಗೋಲಿಗಳ ನಡುವಿನ ಜಾಗದಲ್ಲಿ ಮೂರನೇ ಒಂದು ಭಾಗದಷ್ಟು ತುಂಬಿದರೆ ಸಾಕು. ಬೆಂಗಳೂರಿಗೆ ನನ್ನ ಎಣ್ಣೆ, ಘತ್ತರಗಿಗೆ ಅಪ್ಪನ ಗ್ರೀಸ್ ಅಂತ ಒಪ್ಪಂದವಾಯಿತು.

ಎಲ್ಲ ಮರಳಿ ಜೋಡಿಸಿ, ಅಚ್ಚನ್ನು ಬಿಗಿ ಮಾಡಿ, ಒಂದೊಂದೇ ಗಾಲಿ ತಿರುಗಿಸಿ ನೋಡಿದೆವು. ಆಕೆ ಪ್ಲಾಸ್ಟರ್ ಕೈ ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಪಿನ್ ಹಿಡಿದು ಕೊನೆಯ ನಾಲ್ಕು ಮುಚ್ಚಳ ತಾನೇ ಎಬ್ಬಿಸಿದ್ದಳು.

ಪ್ಲಾಸ್ಟರ್ ಬಿಚ್ಚಿ ಎರಡು ತಿಂಗಳಾಯಿತು. ಮೊನ್ನೆ ಸಂಜೆ ವಿಡಿಯೊ ಕಾಲ್ ಮಾಡಿ, ಸ್ಕೇಟ್ ಕಿವಿಗೆ ಹಿಡಿದು, "ಕಾಕಾ, ಎಡಗಾಲಿಂದು ಮೂರನೇ ಗಾಲಿ ಕುಂಯ್ ಅನ್ನಕತ್ತದ, ಕೇಳು" ಅಂದಳು. ನನಗೆ ಕೇಳಿಸಲಿಲ್ಲ. ಹಿಂದೆ ಅಪ್ಪನ ದನಿ ಬಂತು: "ಹೌದ, ಅನ್ನಕತ್ತದ. ಬಿಚ್ಚು."