ಹಣ್ಣಿನ ಸಿಪ್ಪೆಯ ಮೇಲಣ ಜೀವಲೋಕ

ಸಿಪ್ಪೆಯನ್ನು ಹೇಗೂ ಎಸೆಯುವೆವು, ಹಣ್ಣನ್ನು ತೊಳೆಯುವುದೇಕೆ? ಹೀಗೆ ಕೇಳುವ ಗೃಹಸ್ಥರು ನಮ್ಮಲ್ಲಿ ಬಹುಮಂದಿ ಉಂಟು. ಉತ್ತರಕ್ಕೆ ಮೊದಲು ಆ ಸಿಪ್ಪೆಯ ನಿವಾಸಿಗಳ ಪರಿಚಯವಾಗಬೇಕು.

ದ್ರಾಕ್ಷಿಯ ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಹುದುಗಿನ ಜೀವಿಗಳಿರುವುವು. (ಸಂಸ್ಕೃತದಲ್ಲಿ ಕಿಣ್ವವೆಂದರೆ ಮದ್ಯದ ಈ ಹುದುಗೇ, ಇಂದಿನ ವಿಜ್ಞಾನಿಗಳು ಆ ಪದವನ್ನು ಬೇರೆ ಅರ್ಥಕ್ಕೆ ಎಳೆದುಕೊಂಡಿರುವುದು ನಮಗೆ ಅಷ್ಟಾಗಿ ರುಚಿಸದು.) 1878ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಮಹಾಶಯನು ಅರ್ಬ್ವಾ ಎಂಬ ಊರಿನ ಬಳಿಯ ತನ್ನ ತೋಟದಲ್ಲಿ ಕೆಲವು ಬಳ್ಳಿಗಳಿಗೆ ಗಾಜಿನ ಮನೆ ಕಟ್ಟಿಸಿ, ಗೊಂಚಲುಗಳಿಗೆ ಅರಳೆಯನ್ನು ಸುತ್ತಿಸಿದನು. ಬಯಲಿನ ಹಣ್ಣಿನ ರಸವು ಹುದುಗಿತು. ಅರಳೆಯೊಳಗಣ ಹಣ್ಣಿನದು ಹುದುಗಲಿಲ್ಲ. ಹುದುಗಿಸುವ ಜೀವಿಯು ಹಣ್ಣಿನೊಳಗೆ ಹುಟ್ಟದೆ ಹೊರಗಿನಿಂದ ಬರುವುದೆಂದು ಇದರಿಂದ ಸಿದ್ಧವಾಯಿತು.

ಹುದುಗಿನಿಂದ ತಿನ್ನುವವರಿಗೆ ಭಯವಿಲ್ಲ. ಆದರೆ ಅದು ನೆಲೆಸಿದಲ್ಲಿ ದುಷ್ಟಜೀವಿಗಳೂ ನೆಲೆಸಬಲ್ಲವು. ಕರಬೂಜದ ಬಲೆಯಂತಹ ಒರಟು ಸಿಪ್ಪೆಯನ್ನು ನೋಡಿರಿ: ಮಣ್ಣು, ಕೊಳೆನೀರು, ಹತ್ತಾರು ಕೈಗಳು ತಂದ ರೋಗಾಣುಗಳಿಗೆ ಅದು ಒಳ್ಳೆಯ ಅಡಗುತಾಣ. ಸಿಪ್ಪೆಯನ್ನು ಸೀಳುವ ಈಳಿಗೆಯೇ ಅವುಗಳನ್ನು ತಿರುಳಿಗೆ ಒಯ್ಯುವುದು. ಆ ತಿರುಳು ಹುಳಿಯಲ್ಲದ ಕಾರಣ ಅವು ಅಲ್ಲಿ ಸುಖವಾಗಿ ವೃದ್ಧಿಯಾಗುವುವು. 2011ರಲ್ಲಿ ಅಮೆರಿಕದಲ್ಲಿ ಲಿಸ್ಟೀರಿಯಾ ಎಂಬ ರೋಗಾಣು ತಗುಲಿದ ಕರಬೂಜವನ್ನು ತಿಂದು 33 ಮಂದಿ ಮೃತರಾದರು. ಅವರಲ್ಲಿ ಬಹುಪಾಲು ನಮ್ಮಂತೆ ವಯಸ್ಸಾದವರು.

ತೊಳೆದ ಮಾತ್ರಕ್ಕೆ ರೋಗಾಣುಗಳೆಲ್ಲ ಹೋಗವು, ಬಹಳಷ್ಟು ಕಡಿಮೆಯಾಗುವುವು. ಆದುದರಿಂದ ಹೆಚ್ಚುವ ಮೊದಲೇ ಹಣ್ಣನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ಶುಭ್ರವಾದ ಬಟ್ಟೆಯಿಂದ ಒರಸಬೇಕು. ಸಾಬೂನು ಬೇಡ, ಅದು ಹಣ್ಣಿನೊಳಗೆ ಇಳಿಯುವುದು. ಹೆಚ್ಚಿದ ಕರಬೂಜವನ್ನು ಎರಡು ಗಂಟೆಗೂ ಮೀರಿ ಹೊರಗಿಡಬಾರದು. ದ್ರಾಕ್ಷಿಯನ್ನು ಮಾತ್ರ ತಿನ್ನುವ ಹೊತ್ತಿಗೆ ತೊಳೆದರೆ ಸಾಕು. ತೊಳೆದು ಒದ್ದೆಯಾಗಿಟ್ಟರೆ ಬೂಷ್ಟು ಹಿಡಿಯುವುದು.