ಹುಸಿ ಪತ್ತೆಯ ದರ ಎಷ್ಟು?

ಕಡಿಯಾಳಿಯ ಒಂದು ತರಗತಿಯಲ್ಲಿ 30 ವಿದ್ಯಾರ್ಥಿಗಳಿದ್ದಾರೆ ಎಂದು ಭಾವಿಸಿ. ಪ್ರತಿಯೊಬ್ಬರೂ ಒಂದು ನಾಣ್ಯವನ್ನು 20 ಸಲ ಚಿಮ್ಮುತ್ತಾರೆ. ಶಿರ 15 ಅಥವಾ ಹೆಚ್ಚು ಸಲ, ಇಲ್ಲವೇ 5 ಅಥವಾ ಕಡಿಮೆ ಸಲ ಬಿದ್ದರೆ ‘ನಾಣ್ಯ ಸರಿಯಿಲ್ಲ’ ಎಂಬುದು ತೀರ್ಪು. ನಾಣ್ಯಗಳೆಲ್ಲವೂ ಸರಿಯಾಗಿಯೇ ಇವೆ. ಆದರೂ ಯಾರಾದರೊಬ್ಬರು ‘ಸರ್, ನನ್ನದು ಸರಿಯಿಲ್ಲ!’ ಎಂದು ಕೈ ಎತ್ತುವ ಸಂಭವನೀಯತೆ ಎಷ್ಟು?

ಶೂನ್ಯ ಕಲ್ಪನೆ ನಿಜವಾಗಿದ್ದರೂ ಅದನ್ನು ತಿರಸ್ಕರಿಸುವ ತಪ್ಪೇ ಹುಸಿ ಪತ್ತೆ. ಅದರ ದರವನ್ನು ಕಂಪ್ಯೂಟರಿನಲ್ಲಿಯೇ ಅಳೆಯಬಹುದು. 0 ಮತ್ತು 1ರ ನಡುವಿನ ಯಾದೃಚ್ಛಿಕ ಸಂಖ್ಯೆ 0.5ಕ್ಕಿಂತ ಕಡಿಮೆ ಬಂದರೆ ಶಿರ ಎನ್ನಿ. ಇಂತಹ 20 ಸಂಖ್ಯೆಗಳು ಸೇರಿ ಒಂದು ಪ್ರಯೋಗ. ಹೀಗೆ 1000 ಪ್ರಯೋಗ ಮಾಡಿ, ತಪ್ಪು ತೀರ್ಪುಗಳನ್ನು ಎಣಿಸಿ. ಸುಮಾರು 41 ಸಿಗುತ್ತವೆ. 6ರಷ್ಟು ಹೆಚ್ಚು ಕಡಿಮೆಯಾದರೆ ಅಚ್ಚರಿಯಿಲ್ಲ. ದ್ವಿಪದ ಸೂತ್ರದ ಉತ್ತರವೂ ಶೇ. 4.1. ಆದರೆ 30 ಮಂದಿಯಲ್ಲಿ ಒಬ್ಬರಾದರೂ ಕೈ ಎತ್ತುವ ಸಂಭವನೀಯತೆ ಶೇ. 72!

ಸೂತ್ರವಿದ್ದ ಮೇಲೆ ಈ ಅನುಕರಣೆ ಏಕೆ? ನಿಜವಾದ ಪ್ರಯೋಗಗಳು ಸೂತ್ರದ ಷರತ್ತುಗಳನ್ನು ಪಾಲಿಸುವುದು ಅಪರೂಪ. ಉದಾಹರಣೆಗೆ, ದತ್ತಾಂಶ ಸೇರುತ್ತಿರುವಾಗಲೇ ಸಮಾನ ಅಂತರದಲ್ಲಿ ಐದು ಸಲ ಶೇ. 5ರ ಮಿತಿಯಲ್ಲಿ ಪರೀಕ್ಷಿಸಿ, ಬೇಕಾದ ಫಲಿತಾಂಶ ಬಂದೊಡನೆ ನಿಲ್ಲಿಸಿದರೆ, ಹುಸಿ ಪತ್ತೆಯ ದರ ಸುಮಾರು ಶೇ. 14ಕ್ಕೆ ಏರುತ್ತದೆ. ಅನುಕರಣೆಯಲ್ಲಿ ಈ ‘ಇಣುಕುವಿಕೆ’ಯನ್ನೂ ಸೇರಿಸಿ ನೋಡಬಹುದು.

ನಮ್ಮ ಕೋಲಾರದ ಚಿನ್ನದ ಗಣಿಯೇ ಇದಕ್ಕೊಂದು ಪಾಠ. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳನ್ನು 1965ರಲ್ಲಿ ಅಲ್ಲಿ ಗುರುತಿಸಲಾಯಿತು. 1980ರ ದಶಕದ ಆರಂಭದಲ್ಲಿ ಅದೇ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, 140 ಟನ್ ಶೋಧಕವು ಪ್ರೋಟಾನ್ ಕ್ಷಯದಂತೆ ತೋರುವ ಕೆಲವು ಘಟನೆಗಳನ್ನು ದಾಖಲಿಸಿತು. ಆದರೆ ಅದೇ ನ್ಯೂಟ್ರಿನೋಗಳು ಶೋಧಕದಲ್ಲಿ ಡಿಕ್ಕಿ ಹೊಡೆದಾಗಲೂ ಇಂತಹದೇ ಗುರುತುಗಳು ಮೂಡಬಲ್ಲವು. ಹಾಗಾಗಿ ‘ಪ್ರೋಟಾನ್ ಕ್ಷಯವೇ ಇಲ್ಲದಿದ್ದರೂ ಇಂತಹ ಗುರುತು ಎಷ್ಟು ಸಲ ಮೂಡೀತು?’ ಎಂಬುದೇ ಮೂಲ ಪ್ರಶ್ನೆ. ಅದಕ್ಕೂ ಅನುಕರಣೆಯೇ ದಾರಿ. ಅಮೆರಿಕ ಮತ್ತು ಜಪಾನ್‌ಗಳ ದೊಡ್ಡ ಶೋಧಕಗಳಲ್ಲಿ ಪ್ರೋಟಾನ್ ಕ್ಷಯ ಕಾಣಲಿಲ್ಲ. ಇಂದಿಗೂ ಅದು ದೃಢಪಟ್ಟಿಲ್ಲ. ಇದರಿಂದ ಕೋಲಾರದ ಸಾಧನೆ ಕಿರಿದಾಗುವುದಿಲ್ಲ. ವಿಜ್ಞಾನದ ಶಿಸ್ತು ಎಷ್ಟು ಕಠಿಣ ಎಂಬುದು ಮಾತ್ರ ತಿಳಿಯುತ್ತದೆ.

ಶಿಕ್ಷಕರೇ, ಕಂಪ್ಯೂಟರ್ ಇಲ್ಲದಿದ್ದರೂ ಚಿಂತೆಯಿಲ್ಲ, ನಾಣ್ಯಗಳು ಸಾಕು. ಕೈ ಎತ್ತಿದ ವಿದ್ಯಾರ್ಥಿಯನ್ನು ನಗಬೇಡಿ. ಅದೇ ನಾಣ್ಯವನ್ನು ಮತ್ತೆ 20 ಸಲ ಚಿಮ್ಮಲು ಹೇಳಿ.